ಮದರಾಸಿನ ಸುತ್ತಣ ನೆಲವೂ ನೀರೂ

ಮದರಾಸಿಗೆ ಹೋದವರು ಸಾಮಾನ್ಯವಾಗಿ ಮರೀನಾ ತೀರವನ್ನೂ ಅಂಗಡಿಬೀದಿಗಳನ್ನೂ ನೋಡಿ ಹಿಂದಿರುಗುವರು. 1996ರಿಂದ ಚೆನ್ನೈ ಎಂದೇ ಕರೆಯಲ್ಪಡುವ ಆ ರಾಜಧಾನಿಯನ್ನು ಅರಿಯಲು ಇಷ್ಟು ಸಾಲದು. ಮೂರು ದಿಕ್ಕುಗಳಲ್ಲಿ ಒಂದೊಂದು ದಿನ ಸಂಚರಿಸಿದರೆ, ಆ ಸೀಮೆಯು ಕಡಲನ್ನೂ ಕೆರೆಯನ್ನೂ ನಂಬಿ ಬಾಳಿದ ಬಗೆ ತಿಳಿಯುವುದು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ತಾಯ್ತಂದೆಗಳಿಗೆ ಉಪಯೋಗವಾಗಲೆಂದು ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ತೆಂಕಣಕ್ಕೆ ಸುಮಾರು 55 ಕಿಲೋಮೀಟರು ದೂರದಲ್ಲಿರುವುದು ಪಲ್ಲವರ ರೇವುಪಟ್ಟಣವಾದ ಮಹಾಬಲಿಪುರ. 642ರಲ್ಲಿ ನಮ್ಮ ಇಮ್ಮಡಿ ಪುಲಿಕೇಶಿಯ ವಾತಾಪಿಯನ್ನು ಗೆದ್ದ ನರಸಿಂಹವರ್ಮನಿಗೆ ಮಾಮಲ್ಲನೆಂದು ಬಿರುದು. ಅದರಿಂದಲೇ ಈ ಊರಿಗೆ ಮಾಮಲ್ಲಪುರವೆಂದೂ ಹೆಸರು. ಬಾದಾಮಿಯ ಚರಿತ್ರೆಯನ್ನು ಓದಿದ ಬಾಲಿಕೆಯು ಇಲ್ಲಿ ಗೆದ್ದವರ ಕೈಚಳಕವನ್ನೂ ಕಾಣುವಳು. ಅಲ್ಲಿಯ ದೊಡ್ಡ ಬಂಡೆಯ ನಡುವಣ ಬಿರುಕಿನಲ್ಲಿ ನಾಗಗಳನ್ನು ಕೆತ್ತಿ, ಮೇಲಿನ ತೊಟ್ಟಿಯಿಂದ ನೀರು ಹರಿಯುವಂತೆ ಮಾಡಿದ್ದರು. ಆಗ ಶಿಲೆಯೇ ನದಿಯಾಗುತ್ತಿತ್ತು. ಪಕ್ಕದಲ್ಲಿ ಇಲಿಗಳ ನಡುವೆ ತಪಸ್ಸಿಗೆ ನಿಂತ ಬೆಕ್ಕನ್ನು ಮಕ್ಕಳಿಗೆ ತೋರಿಸಲು ಮರೆಯಬಾರದು.

ಬಡಗಣ ದಿಕ್ಕಿನಲ್ಲಿ ಪುಲಿಕಾಟ್ ಸರೋವರವಿದೆ. ಹೊಳೆಯ ಸಿಹಿನೀರೂ ಕಡಲಿನ ಉಪ್ಪುನೀರೂ ಬೆರೆಯುವ ಈ ಹಿನ್ನೀರಿನ ದಡದಲ್ಲಿ 1613ರಲ್ಲಿ ಡಚ್ಚರು ಕೋಟೆಯನ್ನು ಕಟ್ಟಿ ಬಟ್ಟೆಯ ವ್ಯಾಪಾರವನ್ನು ನಡೆಸಿದರು. ಕೋಟೆ ಪಾಳಾಗಿದೆ, ಅವರ ಸಮಾಧಿಗಳು ಉಳಿದಿವೆ, ಬೆಸ್ತರ ಬದುಕು ಮಾತ್ರ ಇಂದಿಗೂ ನಡೆದಿದೆ. ಅಳಿವೆಯಲ್ಲಿ ಮರಳು ತುಂಬಿದರೆ ಮೀನಿನ ಹಾದಿ ಕಟ್ಟಿ, ಅವರ ಅನ್ನಕ್ಕೂ ಸಂಚಕಾರ ಬರುವುದು.

ನೈಋತ್ಯಕ್ಕೆ ಸುಮಾರು 80 ಕಿಲೋಮೀಟರು ಹೋದರೆ ವೇಡಂತಾಂಗಲ್. ಬೇಡರ ಹೆಸರುಳ್ಳ ಈ ಹಳ್ಳಿಯವರೇ ಹಕ್ಕಿಗಳ ಕಾವಲುಗಾರರಾದುದು ಸೋಜಿಗ. ಕೆರೆಯೊಳಗಿನ ಮರಗಳಲ್ಲಿ ಗೂಡುಕಟ್ಟುವ ಕೊಕ್ಕರೆ, ನೀರುಕಾಗೆಗಳ ಹಿಕ್ಕೆ ನೀರಿಗೆ ಬೀಳುವುದು. ಆ ನೀರು ಹಾಯುವ ಗದ್ದೆಗೆ ಅದೇ ಗೊಬ್ಬರ. ಇದನ್ನರಿತ ರೈತರು ಹದಿನೆಂಟನೆಯ ಶತಮಾನದ ಕೊನೆಗೆ ಜಿಲ್ಲೆಯ ಕಲೆಕ್ಟರನ ಬಳಿಗೆ ಹೋಗಿ, ಹಕ್ಕಿಗಳನ್ನು ಯಾರೂ ಕೊಲ್ಲದಂತೆ ಆಜ್ಞೆಯನ್ನು ಪಡೆದರು.

ನಗರದಂಚಿನ ಪಳ್ಳಿಕರಣೈ ಜವುಗುಭೂಮಿಗೆ ಅಂತಹ ಕಾವಲು ದೊರೆಯಲಿಲ್ಲ. ಕಟ್ಟಡಗಳೂ ಕಸದ ರಾಶಿಯೂ ಅದರ ಬಹುಭಾಗವನ್ನು ನುಂಗಿದವು. ಮಳೆನೀರು ನಿಲ್ಲುವ ಇಂತಹ ತಾಣಗಳು ಕುಗ್ಗಿದ ನಗರವನ್ನು 2015ರಲ್ಲಿ ನೆರೆಯು ಮುಳುಗಿಸಿತು. 2019ರ ಬೇಸಗೆಯಲ್ಲಿ ಅದೇ ನಗರದ ಕುಡಿಯುವ ನೀರಿನ ಕೆರೆಗಳು ಬತ್ತಿಹೋದವು. 2022ರಲ್ಲಿ ಪಳ್ಳಿಕರಣೈಯೂ ವೇಡಂತಾಂಗಲ್ಲೂ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳೆಂದು ಗಣಿಸಲ್ಪಟ್ಟವು. ಉಳಿದಷ್ಟನ್ನಾದರೂ ಕಾಯುವುದಕ್ಕೆ ಇದು ಆಧಾರ.

ಹಕ್ಕಿಗಳನ್ನು ನೋಡಲು ನವೆಂಬರಿನಿಂದ ಮಾರ್ಚಿಯವರೆಗಿನ ಕಾಲ ಯೋಗ್ಯ. ಕಲ್ಲಿನ ಕೆತ್ತನೆಯನ್ನು ಕಾಯಲು ಸರಕಾರದ ಕಾವಲುಗಾರರಿದ್ದಾರೆ. ಕೆರೆಯನ್ನು ಕಾಯಬೇಕಾದವರು ಅದರ ನೀರನ್ನುಂಡವರೇ. ಆ ಹಳ್ಳಿಯ ರೈತರ ವಿವೇಕವನ್ನು ಕಂಡುಬಂದ ನಮ್ಮ ಬಾಲಿಕೆಯರು ತಮ್ಮೂರ ಕೆರೆಯ ಏರಿಯ ಮೇಲೂ ಒಮ್ಮೆ ನಡೆದು, ಅದರ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುವುದೆಂದು ಹಿರಿಯರನ್ನು ಕೇಳಿ ತಿಳಿಯಲಿ.