ನಿಮ್ಮ ಮಗಳೂ ಸಂಶೋಧನೆಗೆ ಹೊರಟಿದ್ದಾಳೆಯೇ?

ನಿಮ್ಮ ಮನೆಯಲ್ಲಿ ಎಂ.ಎ. ಓದುವ ಮಗಳಿದ್ದರೆ, ಅದೂ ರಾಜ್ಯಶಾಸ್ತ್ರವನ್ನೋ ಅಂತರರಾಷ್ಟ್ರೀಯ ಸಂಬಂಧಗಳನ್ನೋ ಆರಿಸಿಕೊಂಡವಳಿದ್ದರೆ, ಒಂದು ಸಂಜೆ ಅವಳು ಚೀಲವನ್ನು ಮಂಚದ ಮೇಲೆ ಒಗೆದು, "ಅವ್ವಾ, ಈ ರಿಸರ್ಚ್ ಮೆಥಡ್ಸ್ ಪೇಪರ್ ನನಗ ಒಂಚೂರೂ ತಿಳೀವಲ್ತು" ಎಂದು ಮುಖ ಊದಿಸಿಕೊಂಡು ಕೂಡುವುದು ಖಂಡಿತ. ಆಗ ನೀವೇನು ಮಾಡಬೇಕು? ಏನು ಮಾಡಬಾರದು ಎಂಬುದನ್ನಂತೂ ನಾನು ಧೈರ್ಯವಾಗಿ ಹೇಳಬಲ್ಲೆ. ಏಕೆಂದರೆ ಅದನ್ನು ನಾನೇ ಮಾಡಿದ್ದೆ.

ನನ್ನ ಅಕ್ಕನ ಮನೆ ಧಾರವಾಡದ ಸಪ್ತಾಪುರದಲ್ಲಿ, ನನ್ನದು ಹುಬ್ಬಳ್ಳಿಯಲ್ಲಿ. ಅಕ್ಕನ ಮಗಳು ಎಂ.ಎ. ಕೊನೆಯ ಸೆಮಿಸ್ಟರಿನಲ್ಲಿದ್ದಳು. ಪರೀಕ್ಷೆಯ ಜೊತೆಗೆ ಒಂದು ಕಿರುಪ್ರಬಂಧ ಬರೆಯಬೇಕಿತ್ತು. ಅವಳು ಆರಿಸಿಕೊಂಡ ವಿಷಯ "1947ರಿಂದ ಇಂದಿನವರೆಗೆ ಭಾರತ-ಚೀನಾ ಸಂಬಂಧಗಳು". ಕೇಳಿ ನಮಗೆಲ್ಲ ಬಹಳ ಅಭಿಮಾನ. ಭಾವನವರಂತೂ ಬೀಗರು ನೆಂಟರ ಮುಂದೆಲ್ಲ ಹೇಳಿಕೊಂಡು ಬಂದರು. ಆದರೆ ಅವಳ ಗೈಡ್ ಮೇಡಮ್ಮು ಹಾಳೆಯನ್ನು ನೋಡಿ, "ಧಾರವಾಡದಾಗ ಕೂತು ನೀ ಇದರಾಗ ಹೊಸಾದು ಏನು ಕಾಣಾಕಿ?" ಎಂದು ವಾಪಸು ಕೊಟ್ಟರಂತೆ.

ಮಗಳು ಅತ್ತಳು. ನಮಗೆ ಮೇಡಮ್ಮಿನ ಮೇಲೆ ಸಿಟ್ಟು ಬಂತು. ಈಗ ಯೋಚಿಸಿದರೆ ಅವರ ಮಾತು ಸರಿ. ಎರಡು ದೇಶಗಳ ನಡುವೆ ನಡೆದ ವ್ಯವಹಾರದ ಕಡತಗಳು ದಿಲ್ಲಿಯಲ್ಲಿರುತ್ತವೆ. 25 ವರ್ಷ ಹಳೆಯದಾದವನ್ನು ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸುವ ನಿಯಮವಿದ್ದರೂ ಎಲ್ಲವೂ ಹೊರಗೆ ಬರುವುದಿಲ್ಲ. 1962ರ ಯುದ್ಧದ ಸೋಲನ್ನು ಕುರಿತು ಸೈನ್ಯವೇ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರಕಾರ ಇನ್ನೂ ಪ್ರಕಟಿಸಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದರೂ, ಪರದೇಶದ ಸಂಬಂಧಕ್ಕೆ ಧಕ್ಕೆಯಾಗುವ ಸಂಗತಿಯನ್ನು ಕೊಡದಿರಲು ಅದರಲ್ಲೇ ಅವಕಾಶವಿದೆ. ಹೀಗಿರುವಾಗ ಇಪ್ಪತ್ತೆರಡು ವರ್ಷದ ಹುಡುಗಿ ಏನು ಬರೆದಾಳು? ಹತ್ತು ಪುಸ್ತಕ ನೋಡಿ ಹನ್ನೊಂದನೆಯದನ್ನು ಬರೆದಾಳು, ಅಷ್ಟೆ.

ಮರುದಿನ ಮೇಡಮ್ಮು ಅವಳನ್ನು ಕೂಡಿಸಿಕೊಂಡು, "ಚಳಿಗಾಲದಾಗ ಹುಬ್ಬಳ್ಳ್ಯಾಗ ಸ್ವೆಟರ್ ಯಾರ ಕಡೆ ತಗೋತೀರಿ?" ಎಂದು ಕೇಳಿದರಂತೆ. "ಟಿಬೆಟಿನವರ ಕಡೆ." "ಅವರು ಇಲ್ಲಿಗೆ ಹ್ಯಾಂಗ ಬಂದ್ರು? ಅವರ ಕೈಯಾಗ ಯಾವ ದೇಶದ ಕಾಗದ ಅದ?" ಹುಡುಗಿಗೆ ಉತ್ತರ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ವರ್ಷವರ್ಷವೂ ಅವರ ಹತ್ತಿರ ಹತ್ತು ರೂಪಾಯಿಗೆ ಜಗ್ಗಾಡಿ ಸ್ವೆಟರ್ ತಂದವಳು ನಾನು!

ನಿಮಗೂ ಗೊತ್ತಿರಲಿ. 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ಟಿಬೆಟನ್ನರು ಹಿಂದೆಯೇ ಬಂದರು. ಆಗಿನ ಮೈಸೂರು ರಾಜ್ಯ ಅವರಿಗೆ ಮೊದಲು ಬೈಲಕುಪ್ಪೆಯಲ್ಲಿ, ನಂತರ 1966ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ ಜಾಗ ಕೊಟ್ಟಿತು. ಅವರು ಕಾಡು ಕಡಿದು ಹೊಲ ಮಾಡಿ ಗೋವಿನಜೋಳ ಬೆಳೆದರು. ಚಳಿಗಾಲಕ್ಕೆ ಲುಧಿಯಾನದಿಂದ ಸ್ವೆಟರ್ ತರಿಸಿ ಊರೂರಲ್ಲಿ ಮಾರಿದರು. ನಿರಾಶ್ರಿತರ ಬಗ್ಗೆ 1951ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೂ ಇಷ್ಟು ಜನ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಬಾಳಿದ್ದಾರೆ. ಹುಬ್ಬಳ್ಳಿಯಿಂದ ತಡಸದ ಮೇಲೆ ಮುಂಡಗೋಡಕ್ಕೆ ಸುಮಾರು ಐವತ್ತು ಕಿಲೋಮೀಟರ್. ಭಾರತ-ಚೀನಾ ಸಂಬಂಧ ನಮ್ಮ ಊರಿನ ಬಸ್‌ಸ್ಟ್ಯಾಂಡಿನಿಂದ ಅಷ್ಟೇ ದೂರದಲ್ಲಿತ್ತು ನೋಡಿ.

ಪ್ರಶ್ನೆಯೂ ಸಿಕ್ಕಿತು. ಕಾನೂನಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು 2010ರಲ್ಲಿ ದಿಲ್ಲಿ ಹೈಕೋರ್ಟು ಹೇಳಿತು. ಅಂಥವರಿಗೆ ಪಾಸ್‌ಪೋರ್ಟ್ ಕೊಡಿರೆಂದು 2016ರಲ್ಲಿ ಮತ್ತೆ ಆಜ್ಞೆಯಾಯಿತು. ಹಾಗಿದ್ದರೆ ಪಾಸ್‌ಪೋರ್ಟ್ ತೆಗೆದುಕೊಳ್ಳಬಲ್ಲ ಹೆಂಗಸರಲ್ಲಿ ಕೆಲವರು ಯಾಕೆ ಬೇಡ ಎನ್ನುತ್ತಾರೆ? ಇಷ್ಟೇ ಪ್ರಶ್ನೆ. "ಇಷ್ಟೇನಾ?" ಎಂದು ಭಾವನವರ ಮುಖ ಸಣ್ಣದಾಯಿತು.

ಇನ್ನು ಆ ಪೇಪರಿನ ಮಾತು. ಅವಳು ದಿನಾ ರಾತ್ರಿ ಫೋನಿನಲ್ಲಿ ನನಗೆ ಪಾಠ ಒಪ್ಪಿಸುತ್ತಿದ್ದಳು, ಹೀಗಾಗಿ ನನಗೂ ನಾಲ್ಕು ಅಕ್ಷರ ಬಂತು. ಯುದ್ಧ ಎಂದರೇನು ಎಂದು ನಿಮ್ಮನ್ನು ಕೇಳಿದರೆ ಏನು ಹೇಳುತ್ತೀರಿ? ಅಮೆರಿಕದಲ್ಲಿ ಡೇವಿಡ್ ಸಿಂಗರ್ ಎಂಬವರು 1963ರಲ್ಲಿ ಯುದ್ಧಗಳ ಲೆಕ್ಕ ಇಡುವ ದೊಡ್ಡ ಕೆಲಸ ಆರಂಭಿಸಿದರು. ರಣದಲ್ಲಿ ಕನಿಷ್ಠ ಸಾವಿರ ಸಾವಾದರೆ ಮಾತ್ರ ಯುದ್ಧ ಎಂಬುದು ಅವರ ಅಳತೆ. ಆ ಅಳತೆಯಲ್ಲಿ 1999ರ ಕಾರ್ಗಿಲ್ ಯುದ್ಧವಾಗುತ್ತದೆ, ನಮ್ಮ 20 ಯೋಧರು ಮಡಿದ 2020ರ ಗಲ್ವಾನ್ ಆಗುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ಈ ಲೆಕ್ಕ ಹೇಳಲಾದೀತೇ? ಆಗದು. ಆದರೂ ಅಳತೆ ಬೇಕು. ನಿಮ್ಮ ವಾಟಿಯೇ ಬೇರೆ, ನನ್ನ ವಾಟಿಯೇ ಬೇರೆಯಾದರೆ ಒಂದೇ ಪಾಕಕ್ಕೆ ಇಬ್ಬರ ಸಕ್ಕರೆಯೂ ಹೊಂದುವುದಿಲ್ಲ. ಯಾವ ವಾಟಿಯಿಂದ ಅಳೆದೆ ಎಂದು ಮೊದಲೇ ಹೇಳಿಬಿಡಬೇಕು, ಅಷ್ಟೆ.

ಇನ್ನೊಂದು ಪಾಠ ನನಗೆ ಬಹಳ ಹಿಡಿಸಿತು. 1962ರಲ್ಲಿ ಕ್ಯೂಬಾದಲ್ಲಿ ರಷ್ಯದ ಕ್ಷಿಪಣಿಗಳಿದ್ದದ್ದು ಗೊತ್ತಾಗಿ ಜಗತ್ತೇ ಉಸಿರು ಬಿಗಿಹಿಡಿದಿತ್ತಲ್ಲ, ಆ ಒಂದೇ ಪ್ರಸಂಗವನ್ನು ಗ್ರಹಾಂ ಆಲಿಸನ್ ಎಂಬ ವಿದ್ವಾಂಸರು 1971ರ ತಮ್ಮ ಪುಸ್ತಕದಲ್ಲಿ ಮೂರು ರೀತಿ ಹೇಳಿದ್ದಾರಂತೆ. ಒಮ್ಮೆ ದೇಶವೇ ಒಬ್ಬ ಮನುಷ್ಯನಂತೆ ಲೆಕ್ಕ ಹಾಕಿ ನಡೆದುಕೊಂಡಿತೆಂದು, ಒಮ್ಮೆ ಸೈನ್ಯ ಮತ್ತು ಕಚೇರಿಗಳು ತಮ್ಮ ರೂಢಿಯಂತೆ ನಡೆದವೆಂದು, ಮತ್ತೊಮ್ಮೆ ಒಳಗಿನ ದೊಡ್ಡವರ ಜಗ್ಗಾಟದಿಂದ ಹಾಗಾಯಿತೆಂದು. "ಮೌಶಿ, ನಮ್ಮನ್ಯಾಗ ಅಕ್ಕನ ಲಗ್ನ ಠರಾವು ಆತಲ್ಲ, ಹಂಗ!" ಎಂದಳು ಹುಡುಗಿ. ಹೌದಲ್ಲ! ಹೊರಗಿನವರಿಗೆ "ಅವರ ಮನೆಯವರು ಒಪ್ಪಿದರು" ಎಂದಷ್ಟೇ ಕಾಣುತ್ತದೆ. ಒಳಗೆ ಯಾರು ಒಪ್ಪಿದರು, ಯಾರನ್ನು ಒಪ್ಪಿಸಲಾಯಿತು ಎಂಬುದು ನಮಗೆ ನಿಮಗೆ ಗೊತ್ತು.

ಇದೆಲ್ಲ ಗಂಡಸರ ವಿಷಯ ಎನ್ನುವವರು ನಿಮ್ಮ ಮನೆಯಲ್ಲೂ ಇರಬಹುದು. ಅವರಿಗೆ ಕೊಡಗಿನ ಸಿ.ಬಿ. ಮುತ್ತಮ್ಮನವರ ಹೆಸರು ಹೇಳಿ. 1949ರಲ್ಲಿ ಭಾರತೀಯ ವಿದೇಶ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಆ ಸೇವೆಯ ನಿಯಮದಲ್ಲಿ ಹೆಣ್ಣು ಅಧಿಕಾರಿ ಮದುವೆಯಾಗಲು ಸರಕಾರದ ಲಿಖಿತ ಅಪ್ಪಣೆ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿ ಎನಿಸಿದರೆ ರಾಜೀನಾಮೆ ಕೊಡಬೇಕಾಗಬಹುದು ಎಂದಿತ್ತು. ಗಂಡಸರಿಗೆ ಅಂಥದ್ದಿಲ್ಲ. ಮುತ್ತಮ್ಮನವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಈ ನಿಯಮಗಳನ್ನು ಕಟುವಾಗಿ ಟೀಕಿಸಿದರು. ನಮ್ಮ ಹುಡುಗಿಗೆ ಮೇಡಮ್ಮು ಆ ತೀರ್ಪನ್ನೇ ಓದಲು ಕೊಟ್ಟಿದ್ದರು. ಸರಕಾರಿ ಕಾಗದದಲ್ಲಿ ಏನು ಬರೆದಿದೆ ಎಂದು ಓದಿದರೆ ಸಾಲದು, ಯಾರ ಮೇಲೆ ಬರೆದಿಲ್ಲ ಎಂಬುದನ್ನೂ ಓದಬೇಕೆಂದು.

ಇಷ್ಟು ಕಲಿತ ಮೇಲೆ ನಲವತ್ತು ಪ್ರಶ್ನಾವಳಿ ಛಾಪಿಸಿಕೊಂಡು ಅವಳು ಮುಂಡಗೋಡಕ್ಕೆ ಹೊರಟಳು. ಒಬ್ಬಳೇ ಹೇಗೆ ಕಳಿಸುವುದೆಂದು ಅಕ್ಕ ಹಟ ಹಿಡಿದಳು, ಅದಕ್ಕೆ ನಾನು ಜೊತೆಯಾದೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಚಾರ್ಜಿಲ್ಲವಲ್ಲ, ಖರ್ಚಿನ ನೆವ ಹೇಳಲಿಕ್ಕೂ ಬರಲಿಲ್ಲ. ನಾಲ್ಕು ಸಲ ಹೋಗಿ ನಲವತ್ತೂ ತುಂಬಿಸಿಕೊಂಡು ಬಂದೆವು. ಹೋದ ಮನೆಯಲ್ಲೆಲ್ಲ ಬೆಣ್ಣೆ ಹಾಕಿದ ಉಪ್ಪಿನ ಚಹಾ. ಎಲ್ಲರೂ ನಗುನಗುತ್ತಾ, "ಭಾರತ ಬಹಳ ಒಳ್ಳೆಯದು, ನಮಗೆ ಏನೂ ತೊಂದರೆ ಇಲ್ಲ" ಎಂದರು. ಒಂದು ಮನೆಯಲ್ಲಿ ಅಜ್ಜಿ ಐದು ನಿಮಿಷ ಕೈ ಆಡಿಸಿ ಆಡಿಸಿ ತಮ್ಮ ಭಾಷೆಯಲ್ಲಿ ಮಾತಾಡಿದರು. ಮಗ ಅದನ್ನು "ಹೌದು ಅಂತಾರ್ರಿ" ಎಂದು ಕನ್ನಡಕ್ಕೆ ತಂದ. ನಾವು "ಹೌದು" ಎಂದು ಗುರುತು ಹಾಕಿಕೊಂಡೆವು!

ಮೇಡಮ್ಮು ಫಾರಂ ತಿರುವಿ ನೋಡಿ, "ನಲವತ್ತು ಹಾಳಿ ತಂದಿ, ಒಂದೂ ಉತ್ತರ ತಂದಿಲ್ಲ" ಎಂದರಂತೆ.

ಆಗ ಉಳಿದದ್ದು ಮೂರು ವಾರ. ಹುಡುಗಿ ಊಟ ಬಿಟ್ಟಳು. ಭಾವನವರಿಗೆ ಯಾರೋ ಹೇಳಿದರು, ಹಣ ಕೊಟ್ಟರೆ ಎಂಥ ವಿಷಯಕ್ಕಾದರೂ ಸಿದ್ಧ ಪ್ರಬಂಧ ಮಾಡಿಕೊಡುವವರಿದ್ದಾರೆ, ಬೈಂಡ್ ಮಾಡಿಯೇ ಕೊಡುತ್ತಾರೆ ಎಂದು. ಅಕ್ಕ ನನ್ನನ್ನು ಕೇಳಿದಳು. ನಾನು ಏನೆಂದೆ ಗೊತ್ತೇ? "ಕೊಟ್ಟ ಬಿಡ್ರಿ, ಕೂಸಿನ ಆರೋಗ್ಯಕ್ಕಿಂತ ಹೆಚ್ಚಿಂದೇನು?" ಎಂದೆ. ಹಣವನ್ನೂ ಅರ್ಧ ನಾನೇ ಕೊಡುತ್ತೇನೆಂದೆ. ಹುಡುಗಿ ನನ್ನ ಮುಖ ನೋಡಿದಳು. "ಮೌಶಿ, ಆ ಅಜ್ಜಿ ಏನಂದ್ಲು ಅಂತ ನಿನಗ ತಿಳ್ಕೋಬೇಕು ಅನಸೂದಿಲ್ಲೇನು?" ಎಂದಷ್ಟೇ ಕೇಳಿದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮತ್ತೆ ಹೋದೆವು. ಈ ಸಲ ಫಾರಂ ಇಲ್ಲ. ನಲವತ್ತು ಮನೆಯ ಬದಲು ಒಂಬತ್ತು ಮನೆ. ಹಾಸ್ಟೆಲಿನ ಒಬ್ಬ ಟಿಬೆಟನ್ ಹುಡುಗಿ ಜೊತೆಗೆ ಬಂದಳು, ಹೀಗಾಗಿ ಮಾತು ಮನೆಯ ಗಂಡಸರ ಬಾಯಿಂದ ಸೋಸಿ ಬರಲಿಲ್ಲ. ಹೆಸರು ಬರೆಯುವುದಿಲ್ಲ, ಬೇಡವೆನಿಸಿದರೆ ನಡುವೆಯೇ ನಿಲ್ಲಿಸಬಹುದು ಎಂದು ಮೊದಲೇ ಹೇಳಿದಳು. "ನೀವು ಸುಖವಾಗಿದ್ದೀರಾ?" ಎಂದು ಕೇಳಲಿಲ್ಲ. "ನಿಮ್ಮ ಮನೆಯ ಕಾಗದಗಳನ್ನು ಎಲ್ಲಿಡುತ್ತೀರಿ?" ಎಂದು ಕೇಳಿದಳು. ಯಾವ ಹೆಂಗಸಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲ ಹೇಳಿ? ಟ್ರಂಕು ತೆರೆದರು, ಡಬ್ಬಿ ತೆರೆದರು. ಕಾಗದದ ಹಿಂದೆ ಮಾತು ಬಂತು.

2017ರಲ್ಲಿ ಪಾಸ್‌ಪೋರ್ಟ್ ಕೊಡಲು ಸರಕಾರ ಒಪ್ಪಿದಾಗ ಹಾಕಿದ ಷರತ್ತುಗಳಲ್ಲಿ, ಟಿಬೆಟನ್ನರ ನೋಂದಣಿ ಪತ್ರ ಒಪ್ಪಿಸಬೇಕು, ವಸಾಹತಿನಲ್ಲಿ ವಾಸವಿರಬಾರದು ಎಂಬುವೂ ಇದ್ದವು. ಮುಂಡಗೋಡದ ಮನೆ, ಹೊಲ ಎಲ್ಲವೂ ನಿರಾಶ್ರಿತರೆಂದು ಕೊಟ್ಟದ್ದು. ಪುಸ್ತಕದಲ್ಲಿ ಪೌರತ್ವ ಎಂದು ಓದಿದ್ದು ಇಲ್ಲಿ ಒಬ್ಬ ತಾಯಿಯ ಒಲೆಯ ಪ್ರಶ್ನೆಯಾಗಿತ್ತು. ಮಗ ವಿದೇಶಕ್ಕೆ ಹೋಗಲು ಕಾಗದ ಬೇಕು, ಆದರೆ ಮುದುಕಿ ಅತ್ತೆಯನ್ನು ಬಿಟ್ಟು ಮನೆ ಖಾಲಿ ಮಾಡುವವರು ಯಾರು? ಇನ್ನು ಆ ಅಜ್ಜಿ ಐದು ನಿಮಿಷ ಹೇಳಿದ್ದು ಬೇರೆಯೇ ಆಗಿತ್ತು. ಅವರು ಹುಟ್ಟಿದ್ದು ಟಿಬೆಟಿನಲ್ಲಿ. ತನ್ನ ಮಕ್ಕಳು ಬೇರೆ ದೇಶದ ಕಾಗದ ತೆಗೆದುಕೊಂಡರೆ, ತಾನು ನಡೆದು ಬಂದ ದಾರಿಯನ್ನು ನೆನಪಿಡುವವರು ಯಾರು ಎಂದು ಕೇಳಿದ್ದರಂತೆ. ನಾವು ಹಾಕಿದ್ದ ಗುರುತು: ಹೌದು.

ಒಂಬತ್ತು ಮನೆಯ ಮಾತಿನಿಂದ ಎಲ್ಲ ಟಿಬೆಟನ್ನರೂ ಹೀಗೇ ಎಂದು ಹೇಳಲು ಬರುವುದಿಲ್ಲ ಎಂದು ಹುಡುಗಿ ತನ್ನ ಪ್ರಬಂಧದಲ್ಲಿ ತಾನೇ ಬರೆದಿದ್ದಾಳೆ. ಕೊರತೆಯನ್ನು ತಾನೇ ಬರೆದುಕೊಂಡರೆ ಮಾರ್ಕು ಕಡಿಮೆಯಾಗದೇ ಎಂದು ಭಾವನವರಿಗೆ ಚಿಂತೆ. ಹಾಗೆ ಬರೆಯುವುದನ್ನೇ ಆ ಪೇಪರು ಕಲಿಸುವುದಂತೆ.

ನಿಮ್ಮ ಮಗಳು ಹೊರಡುವಾಗ ಪೂರ್ತಿ ಚಾರ್ಜ್ ಆದ ಫೋನು, ನೀರು, ಎರಡು ದಪ್ಪ ನೋಟುಬುಕ್ಕು ಇರಲಿ. ಕೇಳಿದ್ದನ್ನು ಅದೇ ದಿನ ರಾತ್ರಿಯೇ ಬರೆದಿಡಲು ಹೇಳಿ, ಮರುದಿನಕ್ಕೆ ಅರ್ಧ ಮಾಯವಾಗಿರುತ್ತದೆ. ಒಪ್ಪಿಗೆ ಕೇಳದೆ ಫೋಟೋ ಬೇಡ. ಹೋದ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ನಾವು ಧಾರವಾಡ ಪೇಢೆ ಒಯ್ದಿದ್ದೆವು. ಹಾಗೆ ಒಯ್ಯುವುದು ಸರಿಯೋ ಎಂದು ಮೊದಲು ಗೈಡನ್ನು ಕೇಳಿಕೊಳ್ಳಿ. ನಮ್ಮ ಮೇಡಮ್ಮು ಮಾತು ಮುಗಿದ ಮೇಲೆ ಕೊಡಿ, ಮೊದಲೇ ಬೇಡ ಎಂದಿದ್ದರು.

ಪ್ರಬಂಧ ಮುಗಿದಿದೆ. ಬರೆದದ್ದನ್ನು ಆ ಒಂಬತ್ತು ಮನೆಗಳಲ್ಲಿ ಓದಿ ತೋರಿಸಿ ಬರುತ್ತೇನೆಂದು ಹುಡುಗಿ ಮಾತು ಕೊಟ್ಟಿದ್ದಾಳೆ. ಮುಂದಿನ ಭಾನುವಾರ ಹೋಗುವುದಿದೆ. ಈ ಸಲ ಅಕ್ಕನೂ ಬರುತ್ತಾಳಂತೆ. ಜೊತೆಗೆ ಯಾರಾದರೂ ಬೇಕೆಂದಲ್ಲ, ಅಜ್ಜಿಯನ್ನು ನೋಡಬೇಕಂತೆ.