ವಿನ್ಯಾಸವೂ ನ್ಯಾಯದ ಪ್ರಶ್ನೆಯೇ

ಕೆಲಸ ಸಿಗಬೇಕಾದರೆ ಗುರುತು-ಪರಿಚಯ ಇರಬೇಕು ಎಂಬ ಮಾತು ನಮ್ಮಲ್ಲಿ ಹಳೆಯದು. ಆದರೆ ಎಂತಹ ಪರಿಚಯ? ಈ ಪ್ರಶ್ನೆಗೆ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ನೀಡಿದ ಉತ್ತರ ಇಂದಿಗೂ ಕುತೂಹಲಕರ. ಬಾಸ್ಟನ್ ಸಮೀಪದ ಊರೊಂದರಲ್ಲಿ ಪರಿಚಿತರ ಮೂಲಕ ಹೊಸ ಉದ್ಯೋಗ ಪಡೆದವರನ್ನು ಅವರು ವಿಚಾರಿಸಿದ್ದರು. ನೆರವಾದವರನ್ನು ಮೇಲಿಂದ ಮೇಲೆ ಭೇಟಿಯಾಗುತ್ತಿದ್ದೆವು ಎಂದವರು ಶೇ 17ರಷ್ಟು ಮಾತ್ರ. ಮಿಕ್ಕವರಿಗೆ ಕೈಹಿಡಿದವರು ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಕಾಣಸಿಗುವವರು. ಆಪ್ತರಿಗೆ ನಮಗೆ ಗೊತ್ತಿರುವುದಷ್ಟೇ ಗೊತ್ತಿರುತ್ತದೆ; ಹೊಸ ಸುದ್ದಿ ಬರುವುದು ದೂರದವರಿಂದ.

2003ರಲ್ಲಿ ಆರಂಭವಾದ ಲಿಂಕ್ಡ್‌ಇನ್‌ನಂತಹ ವೃತ್ತಿಪರ ಜಾಲತಾಣಗಳ ಬಂಡವಾಳ ಈ ದೂರದ ಪರಿಚಯವೇ. 2016ರಲ್ಲಿ ಮೈಕ್ರೊಸಾಫ್ಟ್ ಈ ತಾಣಕ್ಕೆ 2,620 ಕೋಟಿ ಡಾಲರ್ ಬೆಲೆ ಕಟ್ಟಿತು. ‘ಇವರು ನಿಮಗೆ ಗೊತ್ತಿರಬಹುದು’ ಎಂಬ ಸಲಹೆಯ ಕ್ರಮವನ್ನೇ ಬದಲಿಸಿ 2 ಕೋಟಿಗೂ ಹೆಚ್ಚು ಬಳಕೆದಾರರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತೀರಾ ಆಪ್ತರಿಗಿಂತ ತುಸು ದೂರದ ಪರಿಚಿತರೇ ಉದ್ಯೋಗ ಬದಲಾವಣೆಗೆ ಹೆಚ್ಚು ಒದಗಿದರೆಂಬುದು ಅದರ ಸಾರ.

ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಪಾಠ ಬೇರೆ. ಪರದೆಯ ಮೇಲೆ ಯಾರ ಹೆಸರು ಕಾಣಬೇಕೆಂಬ ನಿರ್ಧಾರ ಯಾರಿಗೆ ಕೆಲಸ ಸಿಗಬೇಕೆಂಬುದರ ಮೇಲೂ ಪ್ರಭಾವ ಬೀರಬಲ್ಲದು. ಹಾಗಿರುವಾಗ ತಾಣದ ವಿನ್ಯಾಸವನ್ನು ಬಣ್ಣ, ಗುಂಡಿಗಳ ಅಲಂಕಾರವೆಂದು ಭಾವಿಸಲಾಗದು. ಅದು ನ್ಯಾಯದ ಪ್ರಶ್ನೆ.

ತಾಣದ ಹಿತ ಮತ್ತು ಬಳಕೆದಾರನ ಹಿತ ಯಾವಾಗಲೂ ಒಂದೇ ಆಗಿರುವುದಿಲ್ಲ. ಸದಸ್ಯರ ಹೆಸರಿನಲ್ಲಿ ಅವರ ಪರಿಚಿತರಿಗೆ ಮತ್ತೆ ಮತ್ತೆ ಆಹ್ವಾನದ ಇ-ಮೇಲ್ ಕಳುಹಿಸಿದ ಮೊಕದ್ದಮೆಯಲ್ಲಿ ಲಿಂಕ್ಡ್‌ಇನ್ 2015ರಲ್ಲಿ 1.3 ಕೋಟಿ ಡಾಲರ್ ನೀಡಿ ರಾಜಿಗೆ ಒಪ್ಪಿತು. ಸದಸ್ಯರ ಮಾಹಿತಿಯನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸುವ ಆಯ್ಕೆಯನ್ನು ಮೊದಲೇ ಚಾಲೂ ಮಾಡಿಟ್ಟಿದ್ದು 2024ರಲ್ಲಿ ಟೀಕೆಗೆ ಗುರಿಯಾಯಿತು. ಬೇಡವೆನ್ನುವ ಹೊರೆ ಬಳಕೆದಾರನ ಹೆಗಲಿಗೇ ಬಿತ್ತು.

ಸುಧಾರಣೆ ಕಷ್ಟವೇನಲ್ಲ. ಮೊದಲನೆಯದಾಗಿ, ಪ್ರತಿ ಉದ್ಯೋಗ ಪ್ರಕಟಣೆಯಲ್ಲೂ ಹುದ್ದೆ ಇನ್ನೂ ಖಾಲಿ ಇದೆಯೇ ಎಂಬುದು ಸ್ಪಷ್ಟವಾಗಿರಬೇಕು. ಭರ್ತಿಯಾದೊಡನೆ ಅರ್ಜಿದಾರರಿಗೆ ತಿಳಿಸುವುದು ಕಡ್ಡಾಯವಾಗಬೇಕು. ನಲವತ್ತೈದರ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡವನಿಗೆ ನಿರಾಕರಣೆಗಿಂತ ಮೌನವೇ ಹೆಚ್ಚು ಘಾಸಿ ಮಾಡುತ್ತದೆ. ನಿರಾಕರಣೆ ಬಂದರೆ ಮುಂದಿನ ಬಾಗಿಲನ್ನಾದರೂ ತಟ್ಟಬಹುದು. ಎರಡನೆಯದಾಗಿ, ಒಬ್ಬ ವ್ಯಕ್ತಿಯನ್ನೋ ಹುದ್ದೆಯನ್ನೋ ಏಕೆ ಸೂಚಿಸಲಾಗಿದೆ ಎಂಬ ಕಾರಣ ಒಂದು ಸಾಲಿನಲ್ಲಿ ಇರಬೇಕು. ಹೆಸರಾಂತ ಕಾಲೇಜು, ದೊಡ್ಡ ಕಂಪನಿಗಳ ನಂಟಿಲ್ಲದ ಜಿಲ್ಲಾ ಕೇಂದ್ರದ ಪದವೀಧರೆಗೆ ಅವಳ ವಲಯದಾಚೆಯ ಪರಿಚಯ ತಲುಪಿಸುವುದೇ ಇಂತಹ ತಾಣದ ಸಾರ್ಥಕತೆ. ಇದ್ದವರಿಗೆ ಇದ್ದವರನ್ನೇ ತೋರಿಸುತ್ತಾ ಹೋದರೆ ಹಳೆಯ ಶಿಫಾರಸಿನ ಪದ್ಧತಿಯೇ ಹೊಸ ವೇಷ ತೊಟ್ಟಂತಾಗುತ್ತದೆ. ಮೂರನೆಯದಾಗಿ, ಮಾಹಿತಿಯ ಬಳಕೆಗೆ ಒಪ್ಪಿಗೆಯನ್ನು ಮೊದಲು ಕೇಳಿಯೇ ಪಡೆಯಬೇಕು.

ಬಳಕೆದಾರರ ದಾರಿ ತಪ್ಪಿಸುವ ‘ಡಾರ್ಕ್ ಪ್ಯಾಟರ್ನ್’ಗಳ ವಿರುದ್ಧ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿ, ಅಂತಹ 13 ಬಗೆಗಳನ್ನು ಪಟ್ಟಿ ಮಾಡಿದೆ. ಅವು ಮುಖ್ಯವಾಗಿ ಗ್ರಾಹಕನನ್ನು ಗಮನದಲ್ಲಿಟ್ಟು ರೂಪಿಸಿದವು. ಉದ್ಯೋಗಾಕಾಂಕ್ಷಿ ಅಲ್ಲಿ ಹಣ ಕೊಡದಿರಬಹುದು. ಆದರೆ ತನ್ನ ವಿದ್ಯೆ, ಅನುಭವ, ಸಂಪರ್ಕಗಳನ್ನೆಲ್ಲ ಒಪ್ಪಿಸಿರುತ್ತಾನೆ. ಅದಕ್ಕೆ ಪ್ರತಿಯಾಗಿ ಒಂದು ಪ್ರಾಮಾಣಿಕ ಉತ್ತರವನ್ನು ನಿರೀಕ್ಷಿಸುವುದು ಅತಿಯಾಸೆಯಾಗಲಾರದು.

ಸದಸ್ಯರು ಎಷ್ಟು ಹೊತ್ತು ತಾಣದಲ್ಲಿ ಕಳೆದರು ಎಂಬುದು ಅದರ ಯಶಸ್ಸಿನ ಅಳತೆಗೋಲಾಗಬಾರದು. ಎಷ್ಟು ಬೇಗ ಕೆಲಸ ಹಿಡಿದು ಅಲ್ಲಿಂದ ಎದ್ದು ಹೋದರು ಎಂಬುದಾಗಬೇಕು.