ಭರತ–ಇಳಿತ: ಭೂಮಿ, ಚಂದ್ರ, ಸೂರ್ಯರ ಚಲನೆ ಹಾಗೂ ಕರಾವಳಿಯ ಜನಜೀವನ

ಪೀಠಿಕೆ

ಕಾರವಾರದಿಂದ ಮಂಗಳೂರಿನವರೆಗಿನ ಕರ್ನಾಟಕದ ಕರಾವಳಿಯಲ್ಲಿ ಸಮುದ್ರದ ನೀರು ದಿನವೊಂದಕ್ಕೆ ಸಾಮಾನ್ಯವಾಗಿ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಏರಿಕೆಯನ್ನು ಉಬ್ಬರ ಅಥವಾ ಭರತವೆಂದೂ, ಇಳಿಕೆಯನ್ನು ಇಳಿತವೆಂದೂ ಕರೆಯಲಾಗುತ್ತದೆ. ಮೀನುಗಾರರು ಅಳಿವೆ ಬಾಗಿಲನ್ನು ದಾಟುವ ವೇಳೆ, ಹಿನ್ನೀರಿನ ಕೆಸರಿನಲ್ಲಿ ಬಳಚು ಆಯುವ ವೇಳೆ, ಗಜನಿ ಗದ್ದೆಗಳ ತೂಬು ಮುಚ್ಚುವ ವೇಳೆ ಇವೆಲ್ಲವೂ ಭರತ–ಇಳಿತವನ್ನು ಅವಲಂಬಿಸಿರುತ್ತವೆ. ವೇಳೆ ತಪ್ಪಿದಲ್ಲಿ ಬೆಳೆ, ದೋಣಿ, ಕೆಲವೊಮ್ಮೆ ಪ್ರಾಣವೂ ಹಾನಿಗೊಳಗಾಗುವ ಸಂಭವವಿರುತ್ತದೆ. ಆದುದರಿಂದ ಈ ವಿದ್ಯಮಾನದ ಕಾರಣಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಮೂರು ಚಲನೆಗಳು

ಭೂಮಿಯು ತನ್ನ ಅಕ್ಷದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಇದರಿಂದ ಹಗಲು ಮತ್ತು ರಾತ್ರಿ ಉಂಟಾಗುತ್ತವೆ. ಸೂರ್ಯನಿಂದ ಸರಾಸರಿ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದು, ಸುಮಾರು 365 ದಿನ 6 ಗಂಟೆಗಳಲ್ಲಿ ಅದನ್ನು ಒಮ್ಮೆ ಸುತ್ತುತ್ತದೆ. ಚಂದ್ರನು ಭೂಮಿಯಿಂದ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದು, ನಕ್ಷತ್ರಗಳಿಗೆ ಹೋಲಿಸಿದಾಗ ಸುಮಾರು 27.3 ದಿನಗಳಲ್ಲಿ ಭೂಮಿಯನ್ನು ಒಮ್ಮೆ ಸುತ್ತುತ್ತಾನೆ. ಆ ಅವಧಿಯಲ್ಲಿ ಭೂಮಿಯೂ ತನ್ನ ಕಕ್ಷೆಯಲ್ಲಿ ಮುಂದೆ ಸಾಗಿರುವುದರಿಂದ ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಗೆ ಸುಮಾರು 29.5 ದಿನಗಳು ಬೇಕಾಗುತ್ತವೆ. ನಮ್ಮ ಪಂಚಾಂಗದ ಚಾಂದ್ರಮಾನ ಮಾಸವು ಇದೇ ಅವಧಿಯನ್ನು ಆಧರಿಸಿದೆ.

2. ನೀರು ಏಕೆ ಏರುತ್ತದೆ?

ಗುರುತ್ವಾಕರ್ಷಣೆಯ ಆಧಾರದ ಮೇಲೆ ಭರತ–ಇಳಿತವನ್ನು ಮೊದಲು ವಿವರಿಸಿದವರು ಐಸಾಕ್ ನ್ಯೂಟನ್. ಇದು 1687ರಲ್ಲಿ ಪ್ರಕಟವಾದ ಅವರ ‘ಪ್ರಿನ್ಸಿಪಿಯ’ ಗ್ರಂಥದಲ್ಲಿದೆ. ಚಂದ್ರನ ಸೆಳೆತವು ಭೂಮಿಯ ಎಲ್ಲ ಭಾಗಗಳ ಮೇಲೂ ಸಮನಾಗಿರುವುದಿಲ್ಲ. ಚಂದ್ರನಿಗೆ ಎದುರಾಗಿರುವ ಪಾರ್ಶ್ವದ ನೀರಿನ ಮೇಲೆ ಅದು ಹೆಚ್ಚು, ಭೂಮಿಯ ಕೇಂದ್ರದಲ್ಲಿ ಅದಕ್ಕಿಂತ ಕಡಿಮೆ, ಆಚೆಯ ಪಾರ್ಶ್ವದ ನೀರಿನ ಮೇಲೆ ಇನ್ನೂ ಕಡಿಮೆ. ಈ ವ್ಯತ್ಯಾಸದಿಂದಾಗಿ ಎದುರಿನ ಪಾರ್ಶ್ವದ ನೀರು ಚಂದ್ರನತ್ತ ಉಬ್ಬುತ್ತದೆ. ಆಚೆಯ ಪಾರ್ಶ್ವದ ನೀರು ಹಿಂದುಳಿದಂತಾಗಿ ಅಲ್ಲಿಯೂ ಉಬ್ಬು ಕಾಣಿಸಿಕೊಳ್ಳುತ್ತದೆ. ಭೂಮಿಯು ತಿರುಗುತ್ತಿರುವಾಗ ಒಂದೇ ಊರು ಈ ಎರಡೂ ಉಬ್ಬುಗಳಿಗೆ ಒಳಪಡುವುದರಿಂದ ದಿನಕ್ಕೆ ಎರಡು ಭರತಗಳುಂಟಾಗುತ್ತವೆ.

3. ಸೂರ್ಯನ ಪಾಲು

ಸೂರ್ಯನ ದ್ರವ್ಯರಾಶಿಯು ಚಂದ್ರನದಕ್ಕಿಂತ ಸುಮಾರು 2.7 ಕೋಟಿ ಪಟ್ಟು ಹೆಚ್ಚು. ಹೀಗಿದ್ದರೂ ಭರತದಲ್ಲಿ ಚಂದ್ರನದೇ ಮೇಲುಗೈ. ಭರತವನ್ನುಂಟುಮಾಡುವ ಬಲವು ದೂರದ ಘನಕ್ಕೆ ಅನುಗುಣವಾಗಿ ಕುಗ್ಗುವುದೇ ಇದಕ್ಕೆ ಕಾರಣ. ಸೂರ್ಯನು ಚಂದ್ರನಿಗಿಂತ ಸುಮಾರು 390 ಪಟ್ಟು ದೂರದಲ್ಲಿದ್ದಾನೆ. 390ರ ಘನವು ಸುಮಾರು 5.9 ಕೋಟಿ. 2.7 ಕೋಟಿಯನ್ನು 5.9 ಕೋಟಿಯಿಂದ ಭಾಗಿಸಿದರೆ ಸುಮಾರು 0.46 ಬರುತ್ತದೆ. ಅಂದರೆ ಸೂರ್ಯನ ಬಲವು ಚಂದ್ರನ ಬಲದ ಅರ್ಧಕ್ಕಿಂತ ಸ್ವಲ್ಪ ಕಡಿಮೆ.

ಅಮಾವಾಸ್ಯೆ ಮತ್ತು ಹುಣ್ಣಿಮೆಗಳಂದು ಸೂರ್ಯ, ಭೂಮಿ, ಚಂದ್ರರು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುವುದರಿಂದ ಎರಡೂ ಬಲಗಳು ಕೂಡುತ್ತವೆ. ಆಗ ಭರತವು ಹೆಚ್ಚು ಎತ್ತರವಾಗಿಯೂ ಇಳಿತವು ಹೆಚ್ಚು ತಗ್ಗಾಗಿಯೂ ಇರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಅವು ಒಂದಕ್ಕೊಂದು ಲಂಬವಾಗಿದ್ದು, ಒಂದರ ಪರಿಣಾಮದಿಂದ ಇನ್ನೊಂದರ ಪರಿಣಾಮವು ಭಾಗಶಃ ಕಡಿಮೆಯಾಗುತ್ತದೆ. ಆಗ ನೀರಿನ ಏರಿಳಿತವು ಅಲ್ಪವಾಗಿರುತ್ತದೆ. ಅತಿ ಹೆಚ್ಚಿನ ಏರಿಳಿತವು ಅಮಾವಾಸ್ಯೆ, ಹುಣ್ಣಿಮೆಗಳ ದಿನಕ್ಕಿಂತ ಒಂದೆರಡು ದಿನ ತಡವಾಗಿ ಕಂಡುಬರುವುದುಂಟು.

ಚಂದ್ರನ ಕಕ್ಷೆಯು ಪೂರ್ಣ ವೃತ್ತವಲ್ಲ. ಅವನ ದೂರವು ಸುಮಾರು 3,56,000ದಿಂದ 4,07,000 ಕಿಲೋಮೀಟರ್‌ಗಳ ನಡುವೆ ಬದಲಾಗುತ್ತದೆ. ಅತಿ ದೂರದಲ್ಲಿರುವಾಗಿಗಿಂತ ಅತಿ ಸಮೀಪದಲ್ಲಿರುವಾಗ ಅವನ ಭರತ ಬಲವು ಶೇಕಡ 40ಕ್ಕಿಂತ ಹೆಚ್ಚಾಗಿರುತ್ತದೆ. ಈ ಸಾಮೀಪ್ಯವು ಅಮಾವಾಸ್ಯೆ ಅಥವಾ ಹುಣ್ಣಿಮೆಯೊಂದಿಗೆ ಕೂಡಿಬಂದ ದಿನಗಳಲ್ಲಿ ವಿಶೇಷ ಎಚ್ಚರಿಕೆ ಅಗತ್ಯ.

4. ವೇಳೆಯ ಲೆಕ್ಕ

ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರನು ಪೂರ್ವಕ್ಕೆ ಸ್ವಲ್ಪ ಸರಿದಿರುತ್ತಾನೆ. ಅವನನ್ನು ಮತ್ತೆ ಎದುರಾಗಲು ದಿನಕ್ಕೆ ಸುಮಾರು 50 ನಿಮಿಷ ಹೆಚ್ಚು ಬೇಕು. ಆದುದರಿಂದ ಭರತದಿಂದ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿದ್ದು, ಭರತದ ವೇಳೆಯು ದಿನೇ ದಿನೇ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಉದಾಹರಣೆಗೆ, ಒಂದು ಅಳಿವೆಯಲ್ಲಿ ಅಮಾವಾಸ್ಯೆಯಂದು ಬೆಳಿಗ್ಗೆ 11 ಗಂಟೆಗೆ ಭರತವಾದಲ್ಲಿ, ನಾಲ್ಕು ದಿನಗಳ ನಂತರ ಅದು ಮಧ್ಯಾಹ್ನ ಸುಮಾರು 2 ಗಂಟೆ 20 ನಿಮಿಷಕ್ಕೆ ಆಗುತ್ತದೆ. ಹದಿನೈದು ದಿನಗಳಲ್ಲಿ ಈ ಅಂತರವು ಸುಮಾರು ಹನ್ನೆರಡೂವರೆ ಗಂಟೆಯಾಗುವುದರಿಂದ ಹುಣ್ಣಿಮೆಯ ಭರತವೂ ಬಹುತೇಕ ಅಮಾವಾಸ್ಯೆಯ ವೇಳೆಗೇ ಬರುತ್ತದೆ. ತಿಥಿ ನೋಡಿ ನೀರಿನ ವೇಳೆ ಹೇಳುವ ಕರಾವಳಿಯ ಹಿರಿಯರ ರೂಢಿಗೆ ಈ ಲೆಕ್ಕವೇ ಆಧಾರ. ಇದು ಸ್ಥೂಲ ಅಂದಾಜು ಮಾತ್ರ. ನಿಖರ ವೇಳೆಗೆ ಭಾರತೀಯ ಸರ್ವೇಕ್ಷಣಾ ಇಲಾಖೆಯು ಪ್ರತಿ ವರ್ಷ ಪ್ರಕಟಿಸುವ ಭರತ–ಇಳಿತ ಕೋಷ್ಟಕಗಳನ್ನು ನೋಡತಕ್ಕದ್ದು.

ತೀರದ ಆಕಾರ ಮತ್ತು ಕಡಲಿನ ಆಳಕ್ಕನುಗುಣವಾಗಿ ಏರಿಳಿತದ ಪ್ರಮಾಣವು ಬದಲಾಗುತ್ತದೆ. ನಮ್ಮ ಕರಾವಳಿಯಲ್ಲಿ ಇದು ಸಾಮಾನ್ಯವಾಗಿ ಎರಡು ಮೀಟರ್‌ಗಳ ಒಳಗಿದ್ದರೆ, ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಸುಮಾರು 10 ಮೀಟರ್‌ಗಳನ್ನು ಮುಟ್ಟುತ್ತದೆ.

5. ಗ್ರಹಣ ಮತ್ತು ಸುನಾಮಿ

ಚಂದ್ರನ ಕಕ್ಷೆಯು ಭೂಮಿಯ ಕಕ್ಷೆಗೆ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೂ ಗ್ರಹಣವಾಗುವುದಿಲ್ಲ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಡ ಕಂಕಣ ಸೂರ್ಯಗ್ರಹಣವು ಮೂರೂ ಕಾಯಗಳು ಒಂದೇ ಸರಳ ರೇಖೆಗೆ ಬಂದುದರ ಫಲ. ಗ್ರಹಣದ ದಿನ ಸಮುದ್ರದ ಮೇಲೆ ಬೇರೆ ಯಾವುದೇ ವಿಶೇಷ ಶಕ್ತಿಯು ಕೆಲಸ ಮಾಡುವುದಿಲ್ಲ.

2004ರ ಡಿಸೆಂಬರ್ 26ರ ಸುನಾಮಿಯು ಹುಣ್ಣಿಮೆಯ ದಿನವೇ ಸಂಭವಿಸಿತಾದರೂ ಅದಕ್ಕೆ ಕಾರಣ ಸುಮಾತ್ರಾದ ಬಳಿ ಕಡಲ ತಳದಲ್ಲಾದ ಭೂಕಂಪವೇ ಹೊರತು ಚಂದ್ರನಲ್ಲ. ಭರತವನ್ನು ಮುಂಗಡವಾಗಿ ಲೆಕ್ಕಹಾಕಬಹುದು. ಸುನಾಮಿಯನ್ನು ಹಾಗೆ ಲೆಕ್ಕಹಾಕಲಾಗದು. ಹೊತ್ತಲ್ಲದ ಹೊತ್ತಿನಲ್ಲಿ ಕಡಲು ಏಕಾಏಕಿ ಹಿಂದೆ ಸರಿದಲ್ಲಿ ನೋಡುತ್ತ ನಿಲ್ಲದೆ ಕೂಡಲೇ ಎತ್ತರದ ಸ್ಥಳಕ್ಕೆ ತೆರಳತಕ್ಕದ್ದು.

6. ಸಾರ್ವಜನಿಕರ ಗಮನಕ್ಕೆ

ಅ) ಇಳಿತದ ನೀರು ಹೊರಹೋಗುವಾಗ ಎದುರಿನಿಂದ ಬರುವ ಅಲೆಗಳಿಗೆ ಸಿಕ್ಕಿ ಅಳಿವೆ ಬಾಗಿಲಿನಲ್ಲಿ ಅಲೆಗಳು ಕಡಿದಾಗಿ ಏಳುತ್ತವೆ, ಮರಳು ದಿಬ್ಬದ ಮೇಲಿನ ನೀರೂ ಕಡಿಮೆಯಾಗಿರುತ್ತದೆ. ಮಳೆಗಾಲದಲ್ಲಿ ಹೊಳೆಯ ನೆರೆಯೂ ಸೇರಿ ಅಪಾಯವು ಹೆಚ್ಚುತ್ತದೆ. ಇಂತಹ ವೇಳೆಯಲ್ಲಿ ದೋಣಿಗಳು ಅಳಿವೆ ದಾಟುವುದನ್ನು ತಪ್ಪಿಸುವುದು ಸೂಕ್ತ.

ಆ) ಅಘನಾಶಿನಿಯಂತಹ ಹಿನ್ನೀರುಗಳಲ್ಲಿ ಬಳಚು ಆಯುವವರು ಇಳಿತದ ಕನಿಷ್ಠ ಮಟ್ಟದ ವೇಳೆಯನ್ನು ತಿಳಿದಿರಬೇಕು. ಭರತವು ಮರಳುವಾಗ ಮೊದಲು ತುಂಬುವುದು ದಡ ಮತ್ತು ದಿಬ್ಬದ ನಡುವಿನ ತಗ್ಗುಗಳೇ ಆದುದರಿಂದ, ದಿಬ್ಬವು ಒಣಗಿರುವಾಗಲೇ ಹಿಂದಿರುಗತಕ್ಕದ್ದು.

ಇ) ಗಜನಿ ಗದ್ದೆಗಳ ಕಟ್ಟೆ ಮತ್ತು ತೂಬುಗಳನ್ನು ಅಮಾವಾಸ್ಯೆ, ಹುಣ್ಣಿಮೆಗಳಿಗೆ ಮುನ್ನವೇ ಪರಿಶೀಲಿಸತಕ್ಕದ್ದು. ಕಗ್ಗ ಭತ್ತವು ಉಪ್ಪನ್ನು ಸಹಿಸುವ ತಳಿಯಾದರೂ, ಒಡೆದ ಕಟ್ಟೆಯಿಂದ ನುಗ್ಗಿ ನಿಂತ ಉಪ್ಪುನೀರು ಬೆಳೆಗೆ ಹಾನಿಕರ.

ಈ) ಭರತದ ವೇಳೆಯಲ್ಲಿ ಭಾರೀ ಮಳೆಯಾದರೆ ಹೊಳೆಯ ನೀರು ಬೇಗನೆ ಹರಿದುಹೋಗದೆ ತಗ್ಗು ಪ್ರದೇಶಗಳಲ್ಲಿ ನಿಲ್ಲುತ್ತದೆ. ಅಂತಹ ಪ್ರದೇಶಗಳ ನಿವಾಸಿಗಳು ಮಳೆಯ ಮುನ್ಸೂಚನೆಯೊಂದಿಗೆ ಭರತದ ವೇಳೆಯನ್ನೂ ಗಮನಿಸುವುದು.

ಉ) ಗಾಳಿ ಮತ್ತು ದೂರದ ಬಿರುಗಾಳಿಯ ಅಲೆಗಳು ಕೋಷ್ಟಕದ ಲೆಕ್ಕದಲ್ಲಿ ಸೇರಿರುವುದಿಲ್ಲ. ಆದುದರಿಂದ ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಹೊರಡಿಸುವ ಎತ್ತರದ ಅಲೆಗಳ ಎಚ್ಚರಿಕೆಯನ್ನೂ ಪಾಲಿಸತಕ್ಕದ್ದು.

ಆಕಾಶಕಾಯಗಳ ಚಲನೆಯನ್ನು ಬದಲಿಸುವುದು ಯಾರಿಂದಲೂ ಸಾಧ್ಯವಿಲ್ಲ. ಆದರೆ ಅದರ ವೇಳೆಯನ್ನು ಮೊದಲೇ ತಿಳಿದು ನಮ್ಮ ಕೆಲಸದ ವೇಳೆಯನ್ನು ಹೊಂದಿಸಿಕೊಳ್ಳುವುದು ಎಲ್ಲರಿಗೂ ಸಾಧ್ಯ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.